ತಾಳೆಯಾಗದ ಒಂದು ಪದ

ನಮ್ಮೂರಲ್ಲಿ ಇಟ್ಟದ್ದು ಇಟ್ಟ ಹಾಗೆ ಇರುವುದಿಲ್ಲ. ಪಾತ್ರೆ, ಬೀಗದ ಕೈ, ಚಪ್ಪಲಿ ಇವೆಲ್ಲ ಇರುತ್ತವೆ. ನಾನು ಹೇಳುತ್ತಿರುವುದು ಬರೆದಿಟ್ಟದ್ದು, ಫೋಟೋ ತೆಗೆದಿಟ್ಟದ್ದು, ದನಿ ಹಿಡಿದಿಟ್ಟದ್ದರ ಬಗ್ಗೆ. ಯಾರೂ ಮುಟ್ಟದೆ ಕೆಲವು ದಿನ ಬಿಟ್ಟರೆ ಅದರಲ್ಲಿ ಎಲ್ಲೋ ಒಂದು ಕಡೆ ಸ್ವಲ್ಪ ಬೇರೆ ಆಗಿರುತ್ತದೆ. ಹರಿಯುವುದಿಲ್ಲ, ಮಾಸುವುದಿಲ್ಲ. ಹಾಗೆ ಹಾಳಾಗಿದ್ದರೆ ಗೊತ್ತಾದರೂ ಆಗುತ್ತಿತ್ತು. ಮೊದಲಿನಷ್ಟೇ ಚೆನ್ನಾಗಿ, ಮೊದಲಿನಷ್ಟೇ ನಂಬುವ ಹಾಗೆ ಬದಲಾಗಿರುತ್ತದೆ. ಮದುವೆ ಫೋಟೋದಲ್ಲಿ ಎಡಗಡೆ ನಿಂತಿದ್ದ ಸೋದರಮಾವ ಬಲಗಡೆ ನಿಂತಿರುತ್ತಾನೆ. ಉಪ್ಪಿನಕಾಯಿಗೆ ಸೇರು ಉಪ್ಪು ಎಂದು ಬರೆದಿಟ್ಟಿದ್ದರೆ ಪಾವು ಆಗಿರುತ್ತದೆ. ಹೊರಗಿನಿಂದ ಬಂದವರು ಇದು ಹೇಗಾಗುತ್ತದೆ ಎಂದು ಕೇಳುತ್ತಾರೆ. ನಮಗೆ ಗೊತ್ತಿಲ್ಲ. ಸೋದರಮಾವ ಯಾವ ಕಡೆ ನಿಂತಿದ್ದ ಎಂದು ಜ್ಞಾಪಿಸಿಕೊಳ್ಳುವುದರಲ್ಲೇ ನಮ್ಮ ಹೊತ್ತು ಹೋಗುತ್ತದೆ.

ಹಾಗಂತ ಬದುಕು ನಿಂತಿಲ್ಲ. ನಮ್ಮ ಶಾಲೆಯಲ್ಲಿ ಮಕ್ಕಳು ಮೊದಲು ಮಗ್ಗಿ ಒಪ್ಪಿಸಿ ಆಮೇಲೆ ಪುಸ್ತಕ ತೆರೆಯುತ್ತಾರೆ. ಪುಸ್ತಕದಲ್ಲಿ ತಪ್ಪಿದ್ದರೆ ಮೇಷ್ಟ್ರು ತಿದ್ದುತ್ತಾರೆ. ಅಂಗಡಿಯವರು ಬೆಳಿಗ್ಗೆ ಶಟರ್ ಎತ್ತುವ ಮೊದಲು ತಮ್ಮ ಬೋರ್ಡನ್ನು ತಾವೇ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳುತ್ತಾರೆ. ಮದುವೆಗೆ ಬಾಯಲ್ಲೇ ಕರೆಯುತ್ತೇವೆ. ಪ್ರೇಮಪತ್ರ ತಂದವನು ಅವಳು ಅದನ್ನು ಓದಿ ಮುಗಿಸುವ ತನಕ ಎದುರಿಗೇ ನಿಂತಿರಬೇಕು, ಪಾಪ. ನೆನಪೂ ಹೀಗೇ ಬದಲಾಗುತ್ತದೆಯೇ ಎಂದರೆ, ಅದು ಎಲ್ಲ ಊರಲ್ಲೂ ಆಗುವುದೇ ತಾನೆ.

ಹಳೆಯ ಕಾಲದಲ್ಲಿ ತಾಳೆ ಇಡುವ ಪದ್ಧತಿ ಇತ್ತು. ಒಂದು ಕಾಗದ ಬರೆದರೆ ಅದರ ಅಕ್ಷರ, ಕೊಂಬು, ಒತ್ತು ಎಲ್ಲ ಎಣಿಸಿ ಒಂದು ಸಂಖ್ಯೆ ಮಾಡಿ ಎದುರು ಮನೆಯವರಿಗೆ ಹೇಳುವುದು. ಅವರು ಅದನ್ನು ಬಾಯಿಪಾಠ ಇಟ್ಟುಕೊಳ್ಳುವುದು. ಕಾಗದ ಬೇಕಾದಾಗ ಮತ್ತೆ ಎಣಿಸಿ, ಎದುರು ಮನೆಗೆ ಹೋಗಿ ತಾಳೆ ನೋಡುವುದು. ಸಂಖ್ಯೆ ಕೂಡಿದರೆ ಕಾಗದ ನಂಬಬಹುದು, ಇಲ್ಲದಿದ್ದರೆ ಒಲೆಗೆ. ಹೀಗಾಗಿ ನಮ್ಮೂರಲ್ಲಿ ಯಾರೂ ಎದುರು ಮನೆಯವರ ಜೊತೆ ಜಗಳ ಆಡುವುದಿಲ್ಲ. ಪಕ್ಕದ ಮನೆಯವರ ಜೊತೆ ಧಾರಾಳವಾಗಿ ಆಡುತ್ತಾರೆ.

ಈಗ ಆ ಕೆಲಸ ಒಂದು ಯಂತ್ರ ಮಾಡುತ್ತದೆ, ಆ ಯಂತ್ರವನ್ನು ನಾನು ನೋಡಿಕೊಳ್ಳುತ್ತೇನೆ. ಹಿಂದೆ ಸೀಮೆಎಣ್ಣೆ ಡಿಪೋ ಆಗಿದ್ದ ಕಟ್ಟಡದಲ್ಲಿ ಲಿನಕ್ಸ್ ಸರ್ವರ್ ಇದೆ, ಅದಕ್ಕೆ ಎರಡು ಡಿಸ್ಕ್. ಊರಿನವರು ಉಳಿಯಬೇಕು ಅಂದುಕೊಂಡದ್ದೆಲ್ಲ ಅಲ್ಲಿರುತ್ತದೆ. ಡಿಸ್ಕೂ ನಮ್ಮೂರಿನದೇ ಆದ್ದರಿಂದ ಅದರಲ್ಲಿದ್ದದ್ದೂ ಬದಲಾಗುತ್ತದೆ. ಆದರೆ ಕದ್ದು ಬದಲಾಗಲು ಯಂತ್ರ ಬಿಡುವುದಿಲ್ಲ. ಅದು ಡಿಸ್ಕನ್ನು ಸಣ್ಣ ಸಣ್ಣ ಬ್ಲಾಕುಗಳಾಗಿ ಮಾಡಿಕೊಂಡಿದೆ. ಪ್ರತಿ ಬ್ಲಾಕ್ ಬರೆಯುವಾಗಲೂ ಅದರ ತಾಳೆ ಲೆಕ್ಕ ಹಾಕಿ ಜೊತೆಗೇ ಇಡುತ್ತದೆ. ನಡುವೆ ಕರೆಂಟು ಹೋಗಿ ಬ್ಲಾಕ್ ಹೊಸದು, ತಾಳೆ ಹಳೆಯದು ಎಂದಾಗದಿರಲಿ ಎಂದು ಎರಡನ್ನೂ ಮೊದಲು ಕಚ್ಚಾ ಬರೆದುಕೊಂಡು ಆಮೇಲೆ ಅದರದರ ಜಾಗಕ್ಕೆ ಹಾಕುತ್ತದೆ. ಓದುವಾಗ ಮತ್ತೆ ಲೆಕ್ಕ ಹಾಕಿ ನೋಡುತ್ತದೆ. ಕೂಡಿದರೆ ಕೊಡುತ್ತದೆ. ಕೂಡದಿದ್ದರೆ ಓದಲಾಗಲಿಲ್ಲ ಎಂದು ಒಂದು ಸಾಲು ತೋರಿಸಿ ಸುಮ್ಮನಾಗುತ್ತದೆ. ಹತ್ತಿರ ಹತ್ತಿರ ಸರಿಯಿದೆ, ತಗೊಂಡು ಹೋಗು ಎನ್ನುವ ಗುಣ ಅದಕ್ಕಿಲ್ಲ. ಆ ಗುಣ ಇರುವ ಜನರ ನಡುವೆ ಬೆಳೆದ ನನಗೆ ಇದು ಬಹಳ ಹಿಡಿಸಿತು.

ಎರಡು ಡಿಸ್ಕ್ ಯಾಕೆಂದರೆ, ಎರಡರಲ್ಲೂ ಒಂದೇ ಸರಕು. ಒಂದರಲ್ಲಿ ಬ್ಲಾಕ್ ತಾಳೆಯಾಗದಿದ್ದರೆ ಯಂತ್ರ ಇನ್ನೊಂದರಿಂದ ತಂದು ಸರಿಮಾಡಿಕೊಳ್ಳುತ್ತದೆ. ಒಂದೇ ಬ್ಲಾಕ್ ಎರಡೂ ಕಡೆ ಬದಲಾಗುವುದು ತೀರಾ ಅಪರೂಪ. ತಾಳೆ ನೋಡದೆ ಓದುವ ದಾರಿಯೂ ಒಂದಿದೆ. ನಾವು ಅದಕ್ಕೆ ಕಣ್ಮುಚ್ಚಿ ಓದುವುದು ಎನ್ನುತ್ತೇವೆ; ಡಿಸ್ಕನ್ನು ಹಾಗೆ ತೆರೆದರೆ ಅದರಲ್ಲಿ ಈಗ ಏನಿದೆಯೋ ಅದನ್ನು ಸುಮ್ಮನೆ ಕೊಡುತ್ತದೆ, ನಿಜವೋ ಸುಳ್ಳೋ ಕೇಳಬಾರದು. ಇನ್ನೊಂದು ಮರುತಾಳೆ. ಈಗ ಇರುವುದನ್ನೇ ಸರಿ ಎಂದುಕೊಂಡು ಅದಕ್ಕೆ ಹೊಸ ತಾಳೆ ಹಾಕಿಬಿಡುವುದು. ನನಗಿಂತ ಮೊದಲು ಈ ಕೆಲಸದಲ್ಲಿದ್ದವರು ಯಂತ್ರ ದಿನಾ ದೂರು ಹೇಳುತ್ತದೆಂದು ಬೇಸತ್ತು ಇಡೀ ಡಿಸ್ಕಿಗೆ ಮರುತಾಳೆ ಹಾಕಿದರು. ಮಾರನೆಯ ದಿನದಿಂದ ಒಂದು ದೂರೂ ಇಲ್ಲ. ಬದಲಾಗಿದ್ದದ್ದೆಲ್ಲ ಅಂದಿನಿಂದ ನಿಜವಾಯಿತು. ನಮ್ಮ ತಾಳೆ ಸಮಿತಿಯ ಅಧ್ಯಕ್ಷರು ನಿವೃತ್ತ ಹೆಡ್ಮಾಸ್ಟರ್ ಚನ್ನವೀರಯ್ಯನವರು. ಅವರ ತಮ್ಮ ಹುಟ್ಟಿಯೇ ಇಲ್ಲ ಎಂದು ದಾಖಲೆ ಈಗಲೂ ಹೇಳುತ್ತದೆ, ತಾಳೆ ಸಮೇತ. ತಮ್ಮ ದಿನಾ ಸಂಜೆ ಅಣ್ಣನ ಮನೆಗೆ ಬಂದು ಚಹಾ ಕುಡಿದು ಹೋಗುತ್ತಾನೆ. ಅಂದಿನಿಂದ ಮೇಷ್ಟ್ರು ಕಣ್ಮುಚ್ಚಿ ಓದುವುದನ್ನೂ ಮರುತಾಳೆಯನ್ನೂ ಎರಡನ್ನೂ ನಿಲ್ಲಿಸಿಬಿಟ್ಟಿದ್ದಾರೆ.

ಇಷ್ಟು ಹೇಳಿದ್ದು ಓಂಕಾರಪ್ಪನವರ ವಿಷಯಕ್ಕೆ. ಓಂಕಾರಪ್ಪನವರು ವೀಳ್ಯದೆಲೆ ಮಾರ್ಕೆಟ್ಟಿನಲ್ಲಿ ಹರಾಜು ಕೂಗುತ್ತಿದ್ದವರು. ಕಟ್ಟೆಯ ಮೇಲೆ ನಿಂತು ಅವರು ದರ ಕೂಗಿದರೆ ಬಸ್ ಸ್ಟ್ಯಾಂಡಿನಲ್ಲಿ ನಿದ್ದೆ ಮಾಡುತ್ತಿದ್ದವರು ಎದ್ದು ಕೂರುತ್ತಿದ್ದರು. ಬೆಳಗಿನ ಹರಾಜು ಮುಗಿಸಿ ಮನೆಗೆ ಬಂದರೆ ಮಾತ್ರ ಮನುಷ್ಯ ಮೌನ. ಅವರ ಹೆಂಡತಿ ಹಾಲಮ್ಮ ಒಬ್ಬರೇ ಮಾತಾಡಬೇಕು. ಆಯಮ್ಮ ಮಾತಿಗೆ ಬಡವಿಯಲ್ಲ, ಆದ್ದರಿಂದ ಮನೆ ನಡೆದುಕೊಂಡು ಹೋಗುತ್ತಿತ್ತು. ಗಂಟಲಲ್ಲಿ ನೋವು ಶುರುವಾದಾಗ ಡಾಕ್ಟರಿಗೆ ತೋರಿಸಿ, ತೋರಿಸಿ ಎಂದು ಹಾಲಮ್ಮ ಹೇಳುತ್ತಲೇ ಇದ್ದರು. ಇವರು ಕಲ್ಲುಸಕ್ಕರೆ ಚೀಪುತ್ತಾ ಕೂಗುತ್ತಲೇ ಇದ್ದರು. ಕೊನೆಗೆ ಆಸ್ಪತ್ರೆಗೆ ಹೋದಾಗ, ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಬೇಕು ಎಂದರು.

ಆಪರೇಷನ್ನಿಗೆ ಮುಂಚೆ ಓಂಕಾರಪ್ಪನವರು ತಮ್ಮ ದನಿ ಇಡಲು ನನ್ನ ಹತ್ತಿರ ಬಂದರು. ಅವರಿಗೆ ಓದು ಬರಹ ಬರುವುದಿಲ್ಲ. ಮುಂದೆ ಬೇಕಾಗುವ ಮಾತುಗಳನ್ನೆಲ್ಲ ಮೈಕಿನಲ್ಲಿ ಹೇಳಿದರೆ ಒಂದೊಂದನ್ನೂ ಫೋನಿನಲ್ಲಿ ಒಂದೊಂದು ಚಿತ್ರಕ್ಕೆ ಕಟ್ಟಿಕೊಡುತ್ತೇನೆ, ಚಿತ್ರ ಒತ್ತಿದರೆ ನಿಮ್ಮದೇ ದನಿ ಬರುತ್ತದೆ ಎಂದೆ. ಕೂತು ಹೇಳಿದರು. ಬಾಗಿಲಲ್ಲಿ ಯಾರು ನೋಡು. ಬಿಸಿನೀರು ಬೇಕು. ಚಹಾಕ್ಕೆ ಸಕ್ಕರೆ ಕಡಿಮೆ. ಎಲೆ ಕೊಳೆತೈತೆ, ಈ ದರಕ್ಕೆ ಕೊಡಾಕಾಗಲ್ಲ. ಅಭ್ಯಾಸಬಲದಿಂದ ಹರಾಜಿನ ಕೂಗನ್ನೂ ಒಮ್ಮೆ ಪೂರ್ತಿ ಕೂಗಿದರು, ಕಿಟಕಿಯ ಗಾಜು ಅದುರಿತು. ಎಲ್ಲ ಆದ ಮೇಲೆ, "ಪಂಕಜಾ, ನೀನು ಒಂಚೂರು ಹೊರಗಿರವ್ವ. ಇನ್ನೊಂದು ಐತೆ" ಎಂದರು. ನಾನು ಹೊರಗೆ ಬಂದೆ. ಕರೆದಾಗ ಒಳಗೆ ಹೋದರೆ ಬೆವರಿ ಒದ್ದೆಯಾಗಿದ್ದರು. "ಇದನ್ನ ಹಾಲಮ್ಮನಿಗೆ ಅಂತ ಬರಿ. ನಾನು ಹೇಳೋತನಕ ಫೋನಿಗೆ ಹಾಕಬ್ಯಾಡ." ಅವರು ನನ್ನ ಜೊತೆ ಆಡಿದ ಕೊನೆಯ ಮಾತು ಅದು.

ಆಪರೇಷನ್ ಆಯಿತು. ಓಂಕಾರಪ್ಪನವರು ಈಗ ಕುತ್ತಿಗೆಗೆ ಒಂದು ಹತ್ತಿಯ ಬಟ್ಟೆ ಕಟ್ಟಿಕೊಂಡು ಜಗಲಿಯಲ್ಲಿ ಎಲೆ ಜೋಡಿಸುತ್ತಾ ಕೂರುತ್ತಾರೆ. ಫೋನಿನಲ್ಲಿದ್ದದ್ದೂ ಬದಲಾಗುವುದರಿಂದ ಅದು ದಿನಾ ಬೆಳಿಗ್ಗೆ ನಮ್ಮ ಸರ್ವರಿನಿಂದ ಮಾತುಗಳನ್ನು ಹೊಸದಾಗಿ ತರಿಸಿಕೊಳ್ಳುತ್ತದೆ. ಫೋನ್ ಕೈಗೆ ಸಿಗದಿದ್ದಾಗ ಬರೀ ತುಟಿ ಆಡಿಸುತ್ತಾರೆ. ಹಾಲಮ್ಮ ತುಟಿ ನೋಡಿಯೇ ಮಾತು ಹಿಡಿಯುವುದನ್ನು ಕಲಿತುಬಿಟ್ಟಿದ್ದಾರೆ. ಇನ್ನು ಯಾರಿಗೂ ಅದು ಅರ್ಥವಾಗುವುದಿಲ್ಲ. ಹಾಲಮ್ಮನಿಗೆ ಎಂದು ಇಟ್ಟ ಮಾತನ್ನು ಫೋನಿಗೆ ಹಾಕು ಎಂದು ಮಾತ್ರ ಅವರು ನನಗೆ ಸನ್ನೆಯಲ್ಲಿ ಕೂಡ ಹೇಳಲಿಲ್ಲ. ದಾರಿಯಲ್ಲಿ ನಾನು ಎದುರು ಸಿಕ್ಕರೆ ಆಕಾಶ ನೋಡಿಕೊಂಡು ಹೋಗುತ್ತಿದ್ದರು.

ಹೀಗಿರುವಾಗ ಒಂದು ಡಿಸ್ಕ್ ಕೆಟ್ಟಿತು. ಹೊಸದು ತರಿಸಿ ಹಾಕಿ, ಉಳಿದ ಡಿಸ್ಕಿನಿಂದ ಅದಕ್ಕೆ ಎಲ್ಲವನ್ನೂ ನಕಲು ಮಾಡಲು ಬಿಟ್ಟೆ. ಇದು ನಮ್ಮ ಕೆಲಸದಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡಿರಬೇಕಾದ ಹೊತ್ತು, ಯಾಕೆಂದರೆ ತಾಳೆಯಾಗದ ಬ್ಲಾಕ್ ಸಿಕ್ಕಿದರೆ ಇನ್ನೊಂದು ಕಡೆಯಿಂದ ತರೋಣವೆಂದರೆ ಇನ್ನೊಂದು ಕಡೆಯೇ ಇಲ್ಲ. ನಕಲು ಅರ್ಧ ದಾಟಿತ್ತು, ಓದಲಾಗಲಿಲ್ಲ ಎಂಬ ಸಾಲು ಬಂತು. ಒಂದೇ ಒಂದು ಬ್ಲಾಕ್. ಅದು ಯಾವುದರೊಳಗೆ ಬರುತ್ತದೆ ಎಂದು ಹುಡುಕಿದರೆ, ಹಾಲಮ್ಮನಿಗೆ ಎಂದು ಹೆಸರು ಬರೆದಿಟ್ಟ ಆ ಮಾತು.

ತಾಳೆ ತಪ್ಪಿದರೆ ಇಟ್ಟವರಿಗೆ ಖುದ್ದಾಗಿ ಹೋಗಿ ಹೇಳಬೇಕೆಂಬುದು ನಮ್ಮ ನಿಯಮ. ಹೋದೆ. ಓಂಕಾರಪ್ಪನವರು ಜಗಲಿಯಲ್ಲಿದ್ದರು, ಹಾಲಮ್ಮ ಅವಲಕ್ಕಿ ಆರಿಸುತ್ತಿದ್ದರು. ಹಾಲಮ್ಮನ ಎದುರಿಗೆ ಹೇಗೆ ಹೇಳುವುದು ಎಂದು ಸುತ್ತಿ ಬಳಸಿ, "ಓಂಕಾರಣ್ಣಾ, ನಿಮ್ಮದೊಂದು ರೆಕಾರ್ಡು ತಾಳೆಯಾಗ್ತಿಲ್ಲ" ಎಂದೆ.

"ಯಾವ್ದು, ಸಕ್ಕರೆದಾ? ಹೋದ್ರೆ ಹೋಗ್ಲಿ ಬಿಡವ್ವ. ದಿನಾ ಕೇಳಿ ಸಾಕಾಗೈತೆ ನಂಗೆ" ಎಂದರು ಹಾಲಮ್ಮ.

"ಅಲ್ಲ ಅಕ್ಕ, ಅದು ಫೋನಿಗೆ ಹಾಕಿದ್ದಲ್ಲ. ಬೇರೆ."

"ಬೇರೆ ಅಂದ್ರೆ?"

ಓಂಕಾರಪ್ಪನವರು ನನ್ನ ಕಡೆ ನೋಡಿ ಜೋರಾಗಿ ಕೈ ಆಡಿಸಿದರು, ಬೇಡ, ಹೇಳಬೇಡ ಎಂದು. ಅಷ್ಟು ಜೋರಾಗಿ ಆಡಿಸದೇ ಇದ್ದಿದ್ದರೆ ಹಾಲಮ್ಮ ಸುಮ್ಮನಿರುತ್ತಿದ್ದರೋ ಏನೋ. ಮೊರ ಕೆಳಗಿಟ್ಟರು. ಇನ್ನು ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. ಆಪರೇಷನ್ನಿಗೆ ಮುಂಚೆ ನಿಮಗೋಸ್ಕರ ಒಂದು ಮಾತು ಹೇಳಿಟ್ಟಿದ್ದರು, ಅದರಲ್ಲಿ ಒಂದು ಬ್ಲಾಕ್ ಹೋಗಿದೆ ಎಂದೆ.

ಹಾಲಮ್ಮ ಗಂಡನ ಕಡೆ ತಿರುಗಿದರು. "ನಂಗೇನ್ರಿ ಹೇಳಿದ್ರಿ?" ಓಂಕಾರಪ್ಪನವರು ಎಲೆ ಜೋಡಿಸತೊಡಗಿದರು. "ತುಟಿ ಆಡಿಸಿ ಹೇಳ್ರಿ, ನಂಗೆ ತಿಳೀತದೆ." ಅವರು ಗೋಡೆಯ ಕಡೆ ಮುಖ ಮಾಡಿ ಕೂತರು. "ನೋಡವ್ವ ಪಂಕಜಾ, ಮಾತು ಕಳೆದುಹೋತು ಅಂದ್ರೆ ಬಚಾವಾದೆ ಅಂತ ಕೂತವ್ರೆ. ಇವ್ರು ಒಂದು ಒಳ್ಳೆ ಮಾತಾಡ್ಲಿ ಅಂತ ನಾನು ಮುದುಕಿ ಆಗೋತನಕ ಕಾದೀನಿ. ಆಡವ್ರೆ ಅಂತ ಇವತ್ತು ಗೊತ್ತಾತು, ಇವತ್ತೇ ಹೋತು ಅಂತೀಯ." ಕಣ್ಣಲ್ಲಿ ನೀರು ಬಂದಿತ್ತು. ಸೆರಗಿನಿಂದ ಒರೆಸಿಕೊಂಡು, "ಅದನ್ನ ಕೇಳೋಕೆ ಏನು ಮಾಡ್ಬೇಕು, ಅದನ್ನ ಹೇಳು" ಎಂದರು.

ಕಣ್ಮುಚ್ಚಿ ಓದಬಹುದು, ಆದರೆ ಮೇಷ್ಟ್ರು ಒಪ್ಪುವುದಿಲ್ಲ ಎಂದೆ. ಹಾಲಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಮೇಷ್ಟ್ರ ಮನೆಯಲ್ಲಿ ನಡೆದದ್ದನ್ನು ನಾನು ನೋಡಲಿಲ್ಲ. ಮೇಷ್ಟ್ರೇ ಆಮೇಲೆ ಹೇಳಿದರು. ಬದಲಾದ ಮಾತನ್ನು ಕೇಳುವುದಕ್ಕಿಂತ ಕೇಳದೇ ಇರುವುದು ಲೇಸು ಎಂದು ಅವರು ತಿಳಿಹೇಳಿದ್ದಾರೆ. ನೋಡದೆ ಮರುತಾಳೆ ಹಾಕಿದ್ದರಿಂದ ತಮ್ಮನ ಗತಿ ಏನಾಯಿತು ಎಂದು ಎದುರಿಗೆ ಕೂತ ತಮ್ಮನನ್ನೇ ತೋರಿಸಿದ್ದಾರೆ. ಹಾಲಮ್ಮ, "ನಿಮ್ಮ ತಮ್ಮ ಹುಟ್ಟಿಲ್ಲ ಅಂತ ಬರೆದಾಗ ಅಲ್ಲ ಅಂತ ಹೇಳೋಕೆ ನಿಮ್ಮನ್ನ ಯಾರೂ ಕರೀಲಿಲ್ಲ, ಅದಕ್ಕೆ ಹಂಗಾತು. ನಮ್ಮನೆಯವ್ರನ್ನ ಪಕ್ಕಕ್ಕೆ ಕೂರಿಸ್ಕಂಡು ಓದ್ಲಿ. ಹೌದೋ ಅಲ್ವೋ ಅವ್ರು ಹೇಳ್ತಾರೆ" ಎಂದಿದ್ದಾರೆ. ಹುಟ್ಟದ ತಮ್ಮ ಚಹಾ ಲೋಟ ಕೆಳಗಿಟ್ಟು, ಆಯಮ್ಮ ಹೇಳೋದು ಸರಿ ಐತಣ್ಣ ಎಂದನಂತೆ. ಕೊನೆಗೆ ಮೇಷ್ಟ್ರು ಒಪ್ಪಿದರು. ಒಂದೇ ಸಲ ಓದುವುದು. ಇಟ್ಟವರು ಇದು ನನ್ನ ಮಾತೇ ಎಂದರೆ ಹೊಸ ತಾಳೆ ಹಾಕುವುದು. ಅಲ್ಲ ಎಂದರೆ ಆ ಬ್ಲಾಕನ್ನು ಅಳಿಸುವುದು.

ಮಾರನೆಯ ದಿನ ಡಿಪೋದಲ್ಲಿ ನಾಲ್ವರು ಸೇರಿದೆವು. ಓಂಕಾರಪ್ಪನವರನ್ನು ಹಾಲಮ್ಮ ಕೈ ಹಿಡಿದು ಕರೆತಂದಿದ್ದರು, ಹಿಡಿದ ಕೈ ಬಿಟ್ಟಿರಲಿಲ್ಲ. ನಾನು ಡಿಸ್ಕನ್ನು ನಿಲ್ಲಿಸಿ, ತಾಳೆ ನೋಡಬೇಡ ಎಂದು ಹೇಳಿ ತೆರೆದು, ಆ ಬ್ಲಾಕನ್ನು ಬೇರೆ ಕಡೆ ತೆಗೆದಿಟ್ಟುಕೊಂಡೆ. ಆಮೇಲೆ ಮತ್ತೆ ಎಂದಿನಂತೆ ತೆರೆದೆ. ಎಲ್ಲರಿಗೂ ಒಂದು ವಿಷಯ ಬಿಡಿಸಿ ಹೇಳಿದೆ: ಮಾತಿನ ಉಳಿದ ಭಾಗಕ್ಕೆಲ್ಲ ತಾಳೆ ಸರಿಯಾಗಿದೆ, ಅದರಲ್ಲಿ ಅನುಮಾನವಿಲ್ಲ. ಹೋದದ್ದು ಕೊನೆಯ ಬ್ಲಾಕ್ ಒಂದೇ, ಅದರಲ್ಲಿ ಒಂದು ಪದ ಹಿಡಿಯುವಷ್ಟು ಜಾಗ. ಆ ಪದ ಮಾತ್ರ ಇವರದ್ದೂ ಆಗಿರಬಹುದು, ಬೇರೆಯೂ ಆಗಿರಬಹುದು.

ಸ್ಪೀಕರಿನಲ್ಲಿ ಓಂಕಾರಪ್ಪನವರ ದನಿ ಬಂತು. ಕಟ್ಟೆಯ ಮೇಲಿನ ದನಿಯಲ್ಲ. ಅಷ್ಟು ತಗ್ಗಿಸಿ ಮಾತಾಡಲು ಅವರಿಗೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. "ಹಾಲಮ್ಮ, ಕಟ್ಟೆ ಮ್ಯಾಲೆ ದಿನಾ ಕೂಗ್ದೆ. ಮನೀಗೆ ಬಂದು ನಿನ್ನ ಮುಂದೆ ಸುಮ್ಮನೆ ಕೂತೆ. ಅದು ನನ್ನ ಸುಖ."

ಆ ದನಿ ಕೇಳಿ ಎಷ್ಟು ದಿನವಾಗಿತ್ತೆಂದು ನನಗೆ ಆಗ ಹೊಳೆಯಿತು. ಹಾಲಮ್ಮ ಗಂಡನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದರು. ಅಳುತ್ತಾ ನಗುತ್ತಿದ್ದರು. "ಸುಖ ಅಂತ. ಮಾತಾಡ್ದೆ ಕೂತಿದ್ದು ಸುಖ ಅಂತ. ನಾನು ಬೇಜಾರು ಅಂದ್ಕಂಡಿದ್ದೆ ಕಣ್ರೀ. ನಾನು ಬೇಡವಾಗಿದೀನಿ ಅಂದ್ಕಂಡಿದ್ದೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಓಂಕಾರಪ್ಪ, ಇದು ನೀನು ಹೇಳಿದ ಮಾತೇನಪ್ಪ? ತಲೆ ಆಡಿಸಿದ್ರೆ ಸಾಕು, ತಾಳೆ ಹಾಕಿಸ್ತೀನಿ."

ತಾಳೆ ಹಾಕುವುದು ಸುಲಭ. ತೆಗೆದಿಟ್ಟ ಬ್ಲಾಕನ್ನು ಅದೇ ಜಾಗಕ್ಕೆ ಮತ್ತೆ ಬರೆದರೆ ಆಯಿತು, ಯಂತ್ರ ಹೊಸ ತಾಳೆ ಹಾಕಿಕೊಂಡು ಇನ್ನು ಮುಂದೆ ಕೇಳಿದವರಿಗೆಲ್ಲ ಅದನ್ನೇ ನಿಜವೆಂದು ಕೊಡುತ್ತದೆ. ನಾನು ಕಮಾಂಡ್ ಟೈಪ್ ಮಾಡಿಯೂ ಆಗಿತ್ತು, ಎಂಟರ್ ಒತ್ತುವುದು ಬಾಕಿ. ಹೌದು ಅನ್ನಲಿ ಎಂದು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ. ಹತ್ತಿರ ಹತ್ತಿರ ಸರಿಯಿದ್ದರೆ ಸಾಕು ಎನ್ನುವವರನ್ನು ಕಂಡರೆ ಮೈ ಉರಿಯುವ ನಾನೇ ಬೇಡಿಕೊಳ್ಳುತ್ತಿದ್ದೆ. ಹಾಲಮ್ಮನ ಮುಖ ನೋಡಿದ್ದರೆ ಯಾರಾದರೂ ಬೇಡಿಕೊಳ್ಳುತ್ತಿದ್ದರು.

ಓಂಕಾರಪ್ಪನವರು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. ತಲೆ ಸ್ವಲ್ಪ ಕೆಳಗೆ ಬಂತು. ಹೌದು ಎಂದೇ ಬಿಟ್ಟರು ಅಂದುಕೊಂಡೆ. ಆದರೆ ಅಲ್ಲಿಗೇ ನಿಂತರು. ಕಣ್ಣು ಮುಚ್ಚಿಕೊಂಡರು. ಆಮೇಲೆ ತಲೆಯನ್ನು ಅಡ್ಡಡ್ಡ ಆಡಿಸಿದರು.

"ಅಲ್ವಾ?" ಎಂದರು ಹಾಲಮ್ಮ. ಕೇಳಿದ್ದು ಬಹಳ ಮೆಲ್ಲಗೆ.

ಓಂಕಾರಪ್ಪನವರು ಹೆಂಡತಿಯ ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡರು. ನಾವಿಬ್ಬರು ಅಲ್ಲಿದ್ದೇವೆ ಎಂಬುದನ್ನು ಮರೆತಿರಬೇಕು. ಹೊರಗಿನವರ ಮುಂದೆ ತಾವಾಗಿ ಹೆಂಡತಿಯನ್ನು ಎಂದೂ ಮುಟ್ಟದ ಮನುಷ್ಯ ಅವರು. ತುಟಿ ಆಡಿಸಿದರು. ಒಂದೇ ಪದ. ನನಗೆ ತಿಳಿಯಲಿಲ್ಲ, ಮೇಷ್ಟ್ರಿಗೂ ತಿಳಿಯಲಿಲ್ಲ.

"ತಪ್ಪು?" ಎಂದರು ಹಾಲಮ್ಮ. "ಅದು ನನ್ನ ತಪ್ಪು ಅಂತ ಹೇಳಿದ್ರಾ?"

ಅವರು ಹೌದೆಂದು ತಲೆ ಆಡಿಸಿದರು. ಅವರ ಕಣ್ಣಿಂದ ನೀರು ಹರಿಯುತ್ತಿತ್ತು, ಕುತ್ತಿಗೆಯ ಬಟ್ಟೆಯ ಹಿಂದೆ ಉಸಿರು ಸರಸರ ಸದ್ದು ಮಾಡುತ್ತಿತ್ತು. ಹಾಲಮ್ಮ ಅವರನ್ನು ನೋಡುತ್ತಾ ಕೂತರು. ಏನು ಹೇಳುತ್ತಾರೋ ಎಂದು ನನಗೆ ಭಯವಾಯಿತು.

"ತಪ್ಪೇ ಮತ್ತೆ" ಎಂದರು ಹಾಲಮ್ಮ. "ನಾನೊಬ್ಳೇ ಎಷ್ಟಂತ ಒದರ್ಲಿ ಆ ಮನೇಲಿ? ಒಂದು ಹ್ಞೂಂ ಅನ್ನೋಕೂ ಲೆಕ್ಕ ಹಾಕ್ತಿದ್ರಿ." ದನಿಯಲ್ಲಿ ಸಿಟ್ಟಿತ್ತು, ಕೈ ಮಾತ್ರ ಗಂಡನ ಕಣ್ಣು ಒರೆಸುತ್ತಿತ್ತು. ಆಮೇಲೆ ತಡೆದು ಕೇಳಿದರು: "ಹಂಗಾದ್ರೆ ಸುಖ ಇರ್ಲಿಲ್ವಾ?"

ಓಂಕಾರಪ್ಪನವರು ಮತ್ತೆ ತುಟಿ ಆಡಿಸಿದರು, ಈ ಸಲ ಉದ್ದಕ್ಕೆ. ಹಾಲಮ್ಮ ಒಂದೊಂದೇ ಪದ ಹಿಡಿದು ನಮಗೆ ಹೇಳಿದರು. "ಅದೂ ಇತ್ತಂತೆ. ಆದ್ರೆ ಅವತ್ತು ಹೇಳಿದ್ದು ಅದಲ್ವಂತೆ. ಹೇಳ್ದೆ ಇದ್ದದ್ದಕ್ಕೆ ಹ್ಞೂಂ ಅಂದ್ರೆ ಅದು ಮೋಸ ಅಂತೆ."

ಮೇಷ್ಟ್ರು ನಿಟ್ಟುಸಿರು ಬಿಟ್ಟು ನನ್ನ ಕಡೆ ನೋಡಿದರು. ನಾನು ಟೈಪ್ ಮಾಡಿದ್ದನ್ನು ಅಳಿಸಿದೆ. ಮಾತು ಅವರದ್ದಲ್ಲ ಎಂದಾಯಿತು, ನಿಯಮದ ಪ್ರಕಾರ ಆ ಬ್ಲಾಕ್ ಹೋಗಲೇಬೇಕು. ಆದರೆ ಹೋದ ಜಾಗದಲ್ಲಿ ಏನು ಇಡುವುದು ಎಂಬುದೊಂದು ಉಳಿಯಿತು. ನನಗೆ ಒಂದು ಉಪಾಯ ಹೊಳೆಯಿತು. "ಅಕ್ಕ, ಪದ ಯಾವುದು ಅಂತ ಈಗ ಗೊತ್ತಾಯ್ತಲ್ಲ. ನೀವೇ ಮೈಕಿನಲ್ಲಿ ಹೇಳಿಬಿಡಿ. ಅವರ ಮಾತು ಪೂರ್ತಿ ಆಗುತ್ತೆ."

ಮೇಷ್ಟ್ರಿಗೂ ಸರಿಯೆನಿಸಿತು. ಹಾಲಮ್ಮ ಮೈಕಿನ ಮುಂದೆ ಕೂತರು. ನಾನು ಓಂಕಾರಪ್ಪನವರ ದನಿ ಹಾಕಿದೆ. ಅದು ನನ್ನ ಎಂಬಲ್ಲಿಗೆ ನಿಂತಿತು. ಹಾಲಮ್ಮ ಬಾಯಿ ತೆರೆದರು, ಏನೂ ಬರಲಿಲ್ಲ. ಮತ್ತೆ ಹಾಕಿದೆ. ಮತ್ತೆ ಬರಲಿಲ್ಲ.

"ದಿನ ಬೆಳಗಾದ್ರೆ ನಿಮ್ದೇ ತಪ್ಪು ಅಂತ ಬೈತೀನವ್ವ. ಅಡಿಗೆ ಮನೇಲಿ, ಬಾವಿಕಟ್ಟೆ ಹತ್ರ, ಎಲ್ಲಿ ಬೇಕಂದ್ರಲ್ಲಿ. ಇಲ್ಲಿ ಬರ್ತಿಲ್ಲ ನೋಡು." ಮೈಕನ್ನು ಪಕ್ಕಕ್ಕೆ ಸರಿಸಿದರು. "ಇವ್ರ ಬಾಯಿಂದ ಬಂದದ್ದನ್ನ ನಾನು ಯಾಕೆ ಹೇಳ್ಲಿ? ಅದನ್ನ ಖಾಲಿ ಬಿಡು."

ಖಾಲಿ ಬಿಡುವುದೆಂದರೆ ಸೊನ್ನೆ ತುಂಬುವುದು. ಆ ಜಾಗಕ್ಕೆ ಮೊದಲಿಂದ ಕೊನೆಯತನಕ ಸೊನ್ನೆ ಬರೆದೆ. ಯಂತ್ರ ಅದಕ್ಕೂ ಎಲ್ಲ ಬ್ಲಾಕಿನ ಹಾಗೆಯೇ ತಾಳೆ ಹಾಕಿತು. ಓದಿ ನೋಡಿದೆ, ಸರಿಯಾಗಿ ಓದಿತು. ನಿಂತಿದ್ದ ನಕಲು ಮುಂದುವರಿದು ಸಂಜೆಯೊಳಗೆ ಮುಗಿಯಿತು, ಈಗ ಎರಡೂ ಡಿಸ್ಕಿನಲ್ಲಿ ಆ ಜಾಗ ಒಂದೇ ಥರ ಇದೆ. ಹೊರಡುವಾಗ ಓಂಕಾರಪ್ಪನವರು ತಮ್ಮ ಫೋನನ್ನು ನನ್ನ ಮುಂದೆ ಹಿಡಿದರು. ಆ ಮಾತನ್ನು ಅದಕ್ಕೆ ಹಾಕಿಕೊಟ್ಟೆ. ಯಾವ ಚಿತ್ರಕ್ಕೆ ಕಟ್ಟಲಿ ಎಂದಾಗ ಹಾಲಮ್ಮ ಚಹಾ ಲೋಟದ ಚಿತ್ರ ತೋರಿಸಿದರು. ಸಕ್ಕರೆಯ ಮಾತನ್ನು ತೆಗೆದುಹಾಕಿಸಿದರು.

ಈಗ ಬೆಳಗಿನ ಚಹಾದ ಹೊತ್ತಿಗೆ ಆ ಮನೆಯ ಮುಂದೆ ಹಾದುಹೋದರೆ ಮಾತು ಕೇಳುತ್ತದೆ. ಕಟ್ಟೆ ಮ್ಯಾಲೆ ದಿನಾ ಕೂಗ್ದೆ, ಮನೀಗೆ ಬಂದು ನಿನ್ನ ಮುಂದೆ ಸುಮ್ಮನೆ ಕೂತೆ, ಅದು ನನ್ನ. ಅಲ್ಲಿಗೆ ದನಿ ನಿಲ್ಲುತ್ತದೆ. ಆ ಸೊನ್ನೆಯ ಹೊತ್ತಿನಲ್ಲಿ ಓಂಕಾರಪ್ಪನವರು ಹೆಂಡತಿಯ ಕಡೆ ತಿರುಗಿ ತುಟಿ ಆಡಿಸುತ್ತಾರೆ. ಹಾಲಮ್ಮ ಲೋಟ ಹಿಡಿದುಕೊಂಡೇ ನೋಡುತ್ತಾರೆ. ಕೆಲವು ದಿನ ಸುಮ್ಮನೆ ತಲೆ ಆಡಿಸಿ ಒಳಗೆ ಹೋಗುತ್ತಾರೆ. ಕೆಲವು ದಿನ ಮುಖ ಕೆಂಪಾಗುತ್ತದೆ, ಹೋಗ್ರಿ ಸಾಕು ಎನ್ನುತ್ತಾರೆ. ದಿನಾ ಅದೇ ಪದವಲ್ಲ ಎಂಬುದು ಇದರಿಂದ ನನಗೆ ಗೊತ್ತು.

ಮೊನ್ನೆ ಮಾರ್ಕೆಟ್ಟಿನಲ್ಲಿ ಹಾಲಮ್ಮ ಸಿಕ್ಕಿದ್ದರು. ಸೊಪ್ಪು ಆರಿಸುತ್ತಾ ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು. ತಡೆಯಲಾಗದೆ ಕೇಳಿದೆ, "ಇವತ್ತೇನು ಹೇಳಿದ್ರು ಅಕ್ಕ?"

"ನಿಂಗ್ಯಾಕವ್ವ ಅದು" ಎಂದರು, ಇನ್ನೊಂದು ಕಟ್ಟು ಕೈಗೆತ್ತಿಕೊಂಡು. "ನೀನು ತಾಳೆ ಹಾಕಿ ಇಟ್ಟಿದೀಯಲ್ಲ, ಅಷ್ಟು ಜಾಗ ಹಂಗೇ ಖಾಲಿ ಇರ್ಲಿ. ಮಿಕ್ಕಿದ್ದು ನಾನು ನೋಡ್ಕಂತೀನಿ."